ತಲೆಗೆ ಪೆಟ್ಟು: ಕುಳಿತಾಗ ಸರಿ, ಓಡಿದಾಗ?

ಹತ್ತನೇ ತರಗತಿಗೆ ವಿದ್ಯುತ್ ಪಾಠ ಮಾಡುವಾಗ ನಾನೊಂದು ಸಣ್ಣ ಪ್ರಯೋಗ ತೋರಿಸುತ್ತೇನೆ. ಮೇಜಿನ ಮೇಲೆ ಎರಡು ಟಾರ್ಚ್ ಸೆಲ್‌ಗಳು. ಒಂದು ಅಂಗಡಿಯಿಂದ ಆಗಷ್ಟೇ ತಂದದ್ದು. ಇನ್ನೊಂದು ಹಳೆಯ ಟಾರ್ಚಿನಲ್ಲಿ ದುಡಿದು ದಣಿದದ್ದು. ಎರಡಕ್ಕೂ ವೋಲ್ಟ್‌ಮೀಟರ್ ಹಿಡಿದರೆ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಹೊಸದು 1.5 ವೋಲ್ಟ್, ಹಳೆಯದು ಸುಮಾರು 1.4. 'ಯಾವುದು ಒಳ್ಳೆಯ ಸೆಲ್?' ಎಂದು ಕೇಳಿದರೆ ಮಕ್ಕಳು 'ಎರಡೂ ಸಾರ್' ಎನ್ನುತ್ತಾರೆ. ಆಮೇಲೆ ಒಂದೊಂದಕ್ಕೂ ಬಲ್ಬ್ ಜೋಡಿಸುತ್ತೇನೆ. ಹೊಸ ಸೆಲ್ಲಿನ ಮುಳ್ಳು ಇದ್ದಲ್ಲೇ ಇರುತ್ತದೆ ಎನ್ನಬಹುದು. ಹಳೆಯದರ ಮುಳ್ಳು ಸರ್ರನೆ ಕೆಳಗಿಳಿಯುತ್ತದೆ, ಬಲ್ಬು ಕೆಂಪಗೆ ಮಿಣುಕುತ್ತದೆ. ಸೆಲ್ಲಿನ ಯೋಗ್ಯತೆ ತಿಳಿಯುವುದು ಅದು ಸುಮ್ಮನಿದ್ದಾಗ ಅಲ್ಲ, ಹೊರೆ ಹೊತ್ತಾಗ.

ಪ್ರತಿ ವರ್ಷ ಈ ಪ್ರಯೋಗ ತೋರಿಸುವ ನಾನು ಅದರ ಪಾಠವನ್ನು ಒಬ್ಬ ಹುಡುಗನ ವಿಷಯದಲ್ಲಿ ಮರೆತಿದ್ದೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಯ ಆ ಹುಡುಗ ನಮ್ಮ ಶಾಲೆಯ ಖೋ-ಖೋ ತಂಡದಲ್ಲಿ ಎಲ್ಲರಿಗಿಂತ ಚುರುಕು. ಒಂದು ಸಂಜೆ ಅಭ್ಯಾಸದಲ್ಲಿ ಎದುರಾಳಿಯನ್ನು ಮುಟ್ಟಲು ಹಾರಿದಾಗ ತಲೆ ಕಂಬಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆಯೂ ತಪ್ಪಲಿಲ್ಲ. ಸ್ವಲ್ಪ ಹೊತ್ತು ಮಂಕಾಗಿ ಕುಳಿತಿದ್ದ. 'ಯಾರು ಗೆದ್ದರು?' ಎಂದು ಮೂರು ಸಲ ಕೇಳಿದ. ರಾತ್ರಿ ಒಮ್ಮೆ ವಾಂತಿಯಾಯಿತು. ಹೆದರಿದ ತಂದೆ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದರು. 'ಸ್ಕ್ಯಾನ್ ಎಲ್ಲ ನಾರ್ಮಲ್ಲಂತೆ ಮೇಷ್ಟ್ರೇ' ಎಂದರು. ಎಲ್ಲರಿಗೂ ನೆಮ್ಮದಿ.

ನಾಲ್ಕು ದಿನ ಬಿಟ್ಟು ಹುಡುಗ ಶಾಲೆಗೆ ಬಂದ. ಬೆಳಗಿನ ತರಗತಿಗಳಲ್ಲಿ ಎಂದಿನಂತೆ ಇದ್ದ. ಆದರೆ ಡ್ರಿಲ್ ಪಿರಿಯಡ್ ಮುಗಿಸಿ ನನ್ನ ತರಗತಿಗೆ ಬಂದ ದಿನಗಳಲ್ಲಿ ಬೇರೆಯೇ ಹುಡುಗ. ಬೋರ್ಡಿನ ಮೇಲಿದ್ದ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುತ್ತಿದ್ದ. ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಹೊರಟು ಪ್ರಶ್ನೆಯನ್ನೇ ಮರೆಯುತ್ತಿದ್ದ. 'ಮನಸ್ಸೆಲ್ಲ ಫೀಲ್ಡಿನಲ್ಲೇ ಇದೆ' ಎಂದು ಎಲ್ಲರೆದುರು ಗದರಿದೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಮೆಲ್ಲಗೆ 'ಸಾರ್, ಅವನು ಡ್ರಿಲ್ ಆದ್ಮೇಲೆ ಮಾತ್ರ ಹಿಂಗಾಡ್ತಾನೆ' ಎಂದ. ಅವನನ್ನೂ ಗದರಿ ಕೂರಿಸಿದೆ.

ಹದಿನೈದು ದಿನದ ಮೇಲೆ ತಾಲ್ಲೂಕು ಮಟ್ಟದ ಪಂದ್ಯ. ದೈಹಿಕ ಶಿಕ್ಷಕರು ಬಂದು, 'ಹುಡುಗ ಸರಿ ಇದಾನಾ ಸಾರ್? ಕರ್ಕೊಂಡು ಹೋಗ್ಲಾ?' ಎಂದು ಕೇಳಿದರು. ನಾನು ಅವನನ್ನು ಸ್ಟಾಫ್ ರೂಮಿಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ. ಹದಿನೇಳರ ಮಗ್ಗಿ ಕೇಳಿದೆ, ಹೇಳಿದ. ಮೊದಲ ಹತ್ತು ಧಾತುಗಳ ಹೆಸರು ಕೇಳಿದೆ, ಹೇಳಿದ. ಎರಡು ಗುಣಾಕಾರ ಕೊಟ್ಟೆ, ಮಾಡಿದ. 'ಸರಿ ಇದಾನೆ, ಧಾರಾಳವಾಗಿ ಕರ್ಕೊಂಡು ಹೋಗಿ' ಎಂದೆ.

ಪಂದ್ಯದಲ್ಲಿ ಮೊದಲ ಕೆಲವು ನಿಮಿಷ ಚೆನ್ನಾಗಿಯೇ ಆಡಿದನಂತೆ. ಆಮೇಲೆ ತಪ್ಪಿನ ಮೇಲೆ ತಪ್ಪು. ಖೋ-ಖೋದಲ್ಲಿ ಬೆನ್ನಟ್ಟುವವನು ಹಿಡಿದ ದಿಕ್ಕು ಬದಲಿಸುವಂತಿಲ್ಲ. ಈ ನಿಯಮವನ್ನು ಇತರರಿಗೆ ಕಲಿಸುತ್ತಿದ್ದ ಹುಡುಗನೇ ಅರ್ಧದಲ್ಲಿ ಹಿಂದಿರುಗಿ ಓಡಿದ. ಕೊನೆಗೆ ತನ್ನ ತಂಡದವನಿಗೇ ಡಿಕ್ಕಿ ಹೊಡೆದು ಬಿದ್ದ, ತಲೆ ಮತ್ತೆ ನೆಲಕ್ಕೆ ತಾಗಿತು. ಮೊದಲ ಪೆಟ್ಟಿಗೆ ನಾಲ್ಕು ದಿನ ಮನೆಯಲ್ಲಿದ್ದವನು ಎರಡನೆಯದಕ್ಕೆ ಸುಮಾರು ಮೂರು ತಿಂಗಳು ತಲೆನೋವು, ಮರೆವು, ಸಿಡುಕು ಅನುಭವಿಸಿದ. ಅರ್ಧವಾರ್ಷಿಕ ಪರೀಕ್ಷೆ ಬರೆಯಲಾಗಲಿಲ್ಲ.

ನಾನು ಕೇಳಿದ ಪ್ರಶ್ನೆಗಳಲ್ಲಿ ತಪ್ಪಿರಲಿಲ್ಲ. ಕೂರಿಸಿ ಕೇಳಿದ್ದೇ ತಪ್ಪು. ಇದು ನನಗೆ ತಿಳಿದದ್ದು ವರ್ಷಗಳ ಮೇಲೆ, ಈ ವಿಷಯದ ಸಂಶೋಧನೆಗಳನ್ನು ಓದಿದಾಗ. ನನ್ನಂತಹ ಇತರ ಮೇಷ್ಟ್ರುಗಳೂ ತಂದೆತಾಯಿಗಳೂ ಅದೇ ತಪ್ಪು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕುಲುಕಿದ ಮಿದುಳು

ನಮ್ಮ ಮಿದುಳು ಸುಮಾರು 1.3ರಿಂದ 1.4 ಕಿಲೋ ತೂಗುವ, ಬೆಣ್ಣೆಯಷ್ಟು ಮೆತ್ತನೆಯ ಅಂಗ. ತಲೆಬುರುಡೆಯೊಳಗೆ ತೆಳು ದ್ರವದಲ್ಲಿ ತೇಲುವಂತಿರುತ್ತದೆ. ದಿನನಿತ್ಯದ ಸಣ್ಣಪುಟ್ಟ ಕುಲುಕಾಟಗಳಿಂದ ಈ ದ್ರವ ಅದನ್ನು ಕಾಪಾಡುತ್ತದೆ. ಆದರೆ ತಲೆ ಜೋರಾಗಿ ಬಡಿದಾಗ, ಅಥವಾ ದೇಹಕ್ಕೆ ಬಿದ್ದ ಹೊಡೆತದಿಂದ ತಲೆ ಝಾಡಿಸಿದಂತಾದಾಗ, ಬುರುಡೆ ತಟ್ಟನೆ ನಿಂತರೂ ಒಳಗಿನ ಮಿದುಳು ಚಲಿಸುತ್ತಲೇ ಇರುತ್ತದೆ. ಬಸ್ಸಿಗೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವಂತೆ. ನ್ಯೂಟನ್ನನ ಮೊದಲ ನಿಯಮಕ್ಕೆ ಮಿದುಳೂ ಹೊರತಲ್ಲ. ಹೀಗೆ ಮುಗ್ಗರಿಸಿ, ತಿರುಚಿ, ಅದರೊಳಗಿನ ನರತಂತುಗಳು ಎಳೆದಂತಾಗುತ್ತವೆ. ಇದರಿಂದ ಮಿದುಳಿನ ಕೆಲಸ ಕೆಲಕಾಲ ಏರುಪೇರಾಗುವುದನ್ನು ವೈದ್ಯರು 'ಕಂಕಷನ್' ಎನ್ನುತ್ತಾರೆ.

ಕಂಕಷನ್ ಎಂದರೆ ಪ್ರಜ್ಞೆ ತಪ್ಪಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಆಟದಲ್ಲಿ ಆಗುವ ಹೆಚ್ಚಿನ ಕಂಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಸ್ಕ್ಯಾನ್ ನಾರ್ಮಲ್ ಬಂದರೆ ಏನೂ ಆಗಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸಿ.ಟಿ. ಸ್ಕ್ಯಾನ್ ತೋರಿಸುವುದು ಮಿದುಳಿನ ರಚನೆಯನ್ನು. ರಕ್ತಸ್ರಾವವಾಗಿದೆಯೇ, ಮೂಳೆ ಮುರಿದಿದೆಯೇ, ಊತವಿದೆಯೇ ಎಂದು ಅದು ಹೇಳುತ್ತದೆ. ಇದು ಬಹಳ ಮುಖ್ಯವಾದ ಮಾಹಿತಿ, ಜೀವ ಉಳಿಸುವ ಮಾಹಿತಿ. ಆದರೆ ಕಂಕಷನ್‌ನಲ್ಲಿ ಕೆಡುವುದು ಹೆಚ್ಚಾಗಿ ಮಿದುಳಿನ ನಡವಳಿಕೆ. ರೇಡಿಯೊದ ಫೋಟೊ ತೆಗೆದರೆ ಅದು ಸರಿಯಾಗಿ ಹಾಡುತ್ತದೆಯೋ ಇಲ್ಲವೋ ತಿಳಿಯುವುದಿಲ್ಲವಷ್ಟೆ?

ಹಾಗಾದರೆ ಒಳಗೆ ಏನಾಗುತ್ತದೆ? ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗೀಜಾ ಮತ್ತು ಡೇವಿಡ್ ಹೋವ್ಡಾ 2001ರಲ್ಲಿ ಇದನ್ನು ಹಂತಹಂತವಾಗಿ ವಿವರಿಸಿದರು. ಪ್ರತಿ ನರಕೋಶವೂ ಪೊಟ್ಯಾಸಿಯಂ ಅಯಾನುಗಳನ್ನು ಒಳಗೂ ಸೋಡಿಯಂ ಅಯಾನುಗಳನ್ನು ಹೊರಗೂ ಇಟ್ಟುಕೊಂಡು ಕೆಲಸಕ್ಕೆ ಸಿದ್ಧವಾಗಿರುತ್ತದೆ. ಪೆಟ್ಟು ಬಿದ್ದಾಗ ಈ ವ್ಯವಸ್ಥೆ ಕದಡುತ್ತದೆ. ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಎಲ್ಲವನ್ನೂ ಮೊದಲಿನ ಜಾಗಕ್ಕೆ ಸೇರಿಸಲು ಕೋಶದ ಗೋಡೆಯಲ್ಲಿರುವ ಸೂಕ್ಷ್ಮ ಪಂಪುಗಳು ಹಗಲಿರುಳು ದುಡಿಯಬೇಕಾಗುತ್ತದೆ. ಅದಕ್ಕೆ ಬೇಕಾದ ಗ್ಲೂಕೋಸ್ ಏಕಾಏಕಿ ಹೆಚ್ಚುತ್ತದೆ. ದುರದೃಷ್ಟವೆಂದರೆ ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಪೂರೈಕೆ ತಗ್ಗಿರುತ್ತದೆ. ಬೇಡಿಕೆ ಹೆಚ್ಚು, ಸರಬರಾಜು ಕಡಿಮೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2 ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿದ್ದಾಗ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಇಂತಹ ದುಬಾರಿ ಅಂಗಕ್ಕೆ ಶಕ್ತಿಯ ಅಭಾವ ತಟ್ಟಿದರೆ ಮೊದಲು ಸೊರಗುವುದು ಗಮನ, ಯೋಚನೆಯ ವೇಗ ಮತ್ತು ಕ್ಷಣಕಾಲದ ನೆನಪು. ಅಂದರೆ ವಿದ್ಯಾರ್ಥಿಗೆ ತರಗತಿಯಲ್ಲಿ ಬೇಕಾಗುವ ಮೂರೂ ಶಕ್ತಿಗಳು.

ಆಕ್ಲೆಂಡಿನ ಕೂಡುವ ಲೆಕ್ಕ

ಈ ಸೊರಗುವಿಕೆಯನ್ನು ಅಳೆಯಲು ದಾರಿ ತೋರಿಸಿದವರು ನ್ಯೂಜಿಲೆಂಡಿನ ಇಬ್ಬರು. ಆಕ್ಲೆಂಡಿನ ಮನೋವಿಜ್ಞಾನಿ ಡೊರೊಥಿ ಗ್ರೋನ್‌ವಾಲ್ ಮತ್ತು ನರಶಸ್ತ್ರವೈದ್ಯ ಫಿಲಿಪ್ ರೈಟ್‌ಸನ್. ತಲೆಗೆ ಸಣ್ಣ ಪೆಟ್ಟು ಬಿದ್ದವರು ಗುಣವಾಗಿ ಮನೆಗೆ ಹೋದ ಮೇಲೂ 'ಕೆಲಸ ಮಾಡಲು ಆಗುತ್ತಿಲ್ಲ, ಗಮನ ನಿಲ್ಲುತ್ತಿಲ್ಲ' ಎಂದು ಮರಳಿ ಬರುತ್ತಿದ್ದರು. ಸಾಮಾನ್ಯ ಪರೀಕ್ಷೆಗಳಲ್ಲಿ ಏನೂ ಸಿಗುತ್ತಿರಲಿಲ್ಲ. ಹೀಗಾಗಿ ಇಂತಹವರನ್ನು ನೆಪ ಹೇಳುವವರು ಎಂದು ಬದಿಗೆ ಸರಿಸುವುದು ಸುಲಭವಾಗಿತ್ತು.

ಗ್ರೋನ್‌ವಾಲ್ ಬಳಸಿದ ಪರೀಕ್ಷೆ ಬಹಳ ಸರಳ. ಟೇಪ್ ರೆಕಾರ್ಡರಿನಿಂದ ಒಂದೊಂದೇ ಅಂಕಿ ಕೇಳಿಬರುತ್ತದೆ. ಪ್ರತಿ ಅಂಕಿಯನ್ನೂ ಅದರ ಹಿಂದಿನ ಅಂಕಿಗೆ ಕೂಡಿ ಉತ್ತರ ಹೇಳಬೇಕು. ಮನೆಯಲ್ಲಿ ಆರೋಗ್ಯವಾಗಿರುವವರು ಪ್ರಯತ್ನಿಸಿ ನೋಡಿ. ಒಬ್ಬರು ಎರಡು ಸೆಕೆಂಡಿಗೊಂದರಂತೆ ಓದಲಿ: 3, 5, 2, 9, 4. ಉತ್ತರಗಳು 8, 7, 11, 13. ತಪ್ಪುವುದು ಎಲ್ಲಿ ಗೊತ್ತೆ? ಈಗಷ್ಟೇ ತಾವು ಹೇಳಿದ ಉತ್ತರಕ್ಕೆ ಮುಂದಿನ ಅಂಕಿಯನ್ನು ಕೂಡಿಬಿಡುತ್ತಾರೆ. ಕೂಡುವುದು ಎರಡನೇ ತರಗತಿಯ ಲೆಕ್ಕವೇ. ಆದರೆ ಕೇಳುವುದು, ನೆನಪಿಡುವುದು, ಕೂಡುವುದು, ಹೇಳುವುದು, ಹೇಳಿದ್ದನ್ನು ಮರೆಯುವುದು ಎಲ್ಲವೂ ಒಟ್ಟಿಗೆ ನಡೆಯಬೇಕು. ಅವರು ಅಂಕಿಗಳ ನಡುವಿನ ಅಂತರವನ್ನು 2.4 ಸೆಕೆಂಡಿನಿಂದ 1.2 ಸೆಕೆಂಡಿನವರೆಗೆ ಇಳಿಸುತ್ತಾ ಹೋಗುತ್ತಿದ್ದರು.

1974ರಲ್ಲಿ 'ಲ್ಯಾನ್ಸೆಟ್' ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಇವರ ವರದಿ ಪ್ರಕಟವಾಯಿತು. ಸಣ್ಣ ಪೆಟ್ಟಿನ ನಂತರವೂ ಯೋಚನೆಯ ವೇಗ ಕುಗ್ಗುವುದು ನಿಜ, ಕೆಲವರಲ್ಲಿ ಚೇತರಿಕೆ ತಡವಾಗುವುದೂ ನಿಜ ಎಂದು ಅದು ತೋರಿಸಿತು. ಮರುವರ್ಷ, 1975ರಲ್ಲಿ, ಇದೇ ಜೋಡಿ ಇನ್ನೊಂದು ವಿಷಯ ಹೇಳಿತು. ಎರಡನೇ ಬಾರಿ ಪೆಟ್ಟು ತಿಂದ ಯುವಕರು ಮೊದಲ ಬಾರಿಯವರಿಗಿಂತ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಮೂರು ತಿಂಗಳು ಮಂಕಾಗಿದ್ದ ನನ್ನ ವಿದ್ಯಾರ್ಥಿಯ ಮುಖ ಈ ಸಾಲು ಓದಿದಾಗ ಕಣ್ಣ ಮುಂದೆ ಬಂತು.

ಎತ್ತರದ ಗಾಳಿಯಲ್ಲಿ

ಇದೇ ತಂಡದ 1980ರ ಒಂದು ಪ್ರಯೋಗ ನಮ್ಮ ಸೆಲ್ಲಿನ ಪ್ರಯೋಗಕ್ಕೆ ಬಹಳ ಹತ್ತಿರ. ಒಂದರಿಂದ ಮೂರು ವರ್ಷದ ಹಿಂದೆ ತಲೆಗೆ ಸಣ್ಣ ಪೆಟ್ಟು ಬಿದ್ದು, ಪೂರ್ತಿ ಗುಣವಾದಂತೆ ಕಂಡ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳನ್ನು ಆರಿಸಿದರು. ಅವರಿಗೆ ಹೋಲುವ, ಪೆಟ್ಟು ತಿನ್ನದ ವಿದ್ಯಾರ್ಥಿಗಳನ್ನೂ ಜೊತೆಗಿಟ್ಟರು. 3800 ಮೀಟರ್ ಎತ್ತರದಲ್ಲಿ ಇರುವಂತಹ, ಆಮ್ಲಜನಕ ಕಡಿಮೆಯಿರುವ ಪರಿಸ್ಥಿತಿಯನ್ನು ಕೃತಕವಾಗಿ ಉಂಟುಮಾಡಿ ಇಬ್ಬರಿಗೂ ಪರೀಕ್ಷೆ ಕೊಟ್ಟರು. ನಮ್ಮ ಮುಳ್ಳಯ್ಯನಗಿರಿಯ ತುದಿಯ ಸುಮಾರು ಎರಡರಷ್ಟು ಎತ್ತರ ಅದು. ಲಡಾಖಿನ ಲೇಹ್ ಪಟ್ಟಣಕ್ಕಿಂತಲೂ ಸ್ವಲ್ಪ ಮೇಲೆ. ಅಲ್ಲಿ ನೆನಪಿನ ಪರೀಕ್ಷೆಯಲ್ಲೂ, ಎಚ್ಚರ ತಪ್ಪದೆ ಗಮನಿಸುತ್ತಿರಬೇಕಾದ ಪರೀಕ್ಷೆಯಲ್ಲೂ, ಹಿಂದೆ ಪೆಟ್ಟು ತಿಂದವರು ಉಳಿದವರಿಗಿಂತ ಹಿಂದೆ ಬಿದ್ದರು.

ಇದು ಸಣ್ಣ ಗುಂಪಿನ ಮೇಲೆ ನಡೆದ ಪ್ರಯೋಗ. ತಲೆಗೆ ಪೆಟ್ಟು ಬಿದ್ದ ಎಲ್ಲರೂ ವರ್ಷಗಟ್ಟಲೆ ಹೀಗಿರುತ್ತಾರೆ ಎಂದು ಇದರಿಂದ ತೀರ್ಮಾನಿಸಬಾರದು. ಆದರೆ ಒಂದು ತತ್ವವನ್ನು ಅದು ಎತ್ತಿ ತೋರಿಸಿತು. ದಿನನಿತ್ಯದ ಕೆಲಸಕ್ಕೆ ಸಾಕಾಗುವಷ್ಟು ಗುಣವಾದ ಮಿದುಳಿನಲ್ಲಿ, ಕಷ್ಟಕಾಲಕ್ಕೆಂದು ಇರಬೇಕಾದ ಮೀಸಲು ಶಕ್ತಿ ಇನ್ನೂ ತುಂಬಿರದೇ ಇರಬಹುದು. ಮನೆಯಲ್ಲಿ ಊಟಕ್ಕೆ ತೊಂದರೆಯಿಲ್ಲ, ಆದರೆ ನೆಂಟರು ಬಂದರೆ ಕಷ್ಟ ಎಂಬ ಸ್ಥಿತಿ.

ಎತ್ತರದ ಗಾಳಿಯ ಬದಲು ವ್ಯಾಯಾಮದ ಹೊರೆ ಕೊಟ್ಟರೆ? ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೋಡಿತು. ಕಂಕಷನ್ ಆಗಿದ್ದ 54 ವಿದ್ಯಾರ್ಥಿ ಆಟಗಾರರು. ಎಲ್ಲರಿಗೂ ತಲೆನೋವು ಮುಂತಾದ ಲಕ್ಷಣಗಳು ಹೋಗಿದ್ದವು. ಕುಳಿತು ಕಂಪ್ಯೂಟರಿನಲ್ಲಿ ಮಾಡುವ ಬುದ್ಧಿಶಕ್ತಿಯ ಪರೀಕ್ಷೆಯಲ್ಲೂ ಮೊದಲಿನ ಅಂಕಗಳು ಮರಳಿದ್ದವು. ಅಂದರೆ ನನ್ನ ಸ್ಟಾಫ್ ರೂಮ್ ಪರೀಕ್ಷೆಯಲ್ಲಿ ಎಲ್ಲರೂ ಪಾಸು. ನಂತರ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಿಸಿ ಅದೇ ಪರೀಕ್ಷೆ ಕೊಟ್ಟಾಗ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಅಂಕ ಕುಸಿಯಿತು. 'ಡ್ರಿಲ್ ಆದ್ಮೇಲೆ ಮಾತ್ರ ಹಿಂಗಾಡ್ತಾನೆ' ಎಂದಿದ್ದ ಆ ಪಕ್ಕದ ಹುಡುಗ, ಈ ವಿಜ್ಞಾನಿಗಳು ಕಂಡದ್ದನ್ನೇ ನನಗೆ ಮೊದಲೇ ಹೇಳಿದ್ದ.

ಓಡಿದಾಗ ಏಕೆ?

ಓಡುವಾಗ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡಿನ ಪ್ರಮಾಣ ಏರಿಳಿಯುತ್ತದೆ. ಇಷ್ಟೆಲ್ಲದರ ನಡುವೆಯೂ ಮಿದುಳಿಗೆ ಹೋಗುವ ರಕ್ತ ಹದವಾಗಿರಬೇಕು. ಆರೋಗ್ಯವಂತರಲ್ಲಿ ಈ ಹದವನ್ನು ನಮ್ಮ ಅಂಕೆಯಲ್ಲಿಲ್ಲದ ಸ್ವಯಂಚಾಲಿತ ನರವ್ಯೂಹ ಮತ್ತು ಮಿದುಳಿನ ರಕ್ತನಾಳಗಳೇ ನೋಡಿಕೊಳ್ಳುತ್ತವೆ. ಅಗತ್ಯಕ್ಕೆ ತಕ್ಕಂತೆ ನಾಳಗಳು ಹಿಗ್ಗುತ್ತವೆ, ಕುಗ್ಗುತ್ತವೆ.

ಕಂಕಷನ್ ಆದ ಮೇಲೆ ಈ ಹತೋಟಿ ಕೆಲಕಾಲ ಹದ ತಪ್ಪಿರುತ್ತದೆ ಎನ್ನುತ್ತಾರೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ, ಬ್ಯಾರಿ ವಿಲ್ಲರ್ ಮತ್ತು ಅವರ ಸಂಗಡಿಗರು. ಕುಳಿತಿರುವಾಗ ಇದು ಗೊತ್ತಾಗುವುದಿಲ್ಲ. ಹೃದಯದ ಬಡಿತ ಒಂದು ಮಿತಿ ದಾಟಿದಾಗ ತಲೆನೋವು, ತಲೆಸುತ್ತು, ಮಂಕುತನ ಮರಳುತ್ತವೆ. ಆ ಮಿತಿಯನ್ನು ಕಂಡುಹಿಡಿಯಲು ಅವರೊಂದು ಪರೀಕ್ಷೆ ರೂಪಿಸಿದ್ದಾರೆ. ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ರೋಗಿ ನಡೆಯುತ್ತಾನೆ. ನಿಮಿಷಕ್ಕೊಮ್ಮೆ ಅದರ ಏರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾರೆ. ಲಕ್ಷಣಗಳು ಎದ್ದು ಕಾಣುವಷ್ಟು ಹೆಚ್ಚಾದ ಕ್ಷಣ ನಿಲ್ಲಿಸಿ ನಾಡಿಬಡಿತ ಬರೆದುಕೊಳ್ಳುತ್ತಾರೆ. ಆ ಬಡಿತವೇ ಆ ದಿನಕ್ಕೆ ಅವನ ಮಿತಿ. ಇದನ್ನು ಮಾಡಬೇಕಾದವರು ವೈದ್ಯರು ಅಥವಾ ತರಬೇತಿ ಪಡೆದವರು. ಮನೆಯಲ್ಲಿ ಮೆಟ್ಟಿಲು ಹತ್ತಿಸಿ ಪರೀಕ್ಷಿಸಲು ಹೋಗಬೇಡಿ.

ಪೆಟ್ಟು ಬಿದ್ದ ದಿನದ ಪರೀಕ್ಷೆಯನ್ನು ನಂಬುವಂತಿಲ್ಲ ಎಂಬುದಕ್ಕೆ ಕ್ರಿಕೆಟ್ ಪ್ರಿಯರಿಗೆ ನೆನಪಿರುವ ಉದಾಹರಣೆಯಿದೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಪರೀಕ್ಷೆಗಳಲ್ಲಿ ಪಾಸಾದ ಸ್ಮಿತ್ ಅಂದೇ ಮರಳಿ ಬಂದು ಬ್ಯಾಟ್ ಮಾಡಿ 92 ರನ್ನಿಗೆ ಔಟಾದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು ಕವಿದಂತೆ ಆಯಿತು. ಅದೇ ತಿಂಗಳು ಜಾರಿಗೆ ಬಂದಿದ್ದ ಹೊಸ ನಿಯಮದಂತೆ ಮಾರ್ನಸ್ ಲಬುಶೇನ್ ಅವರ ಬದಲಿಗೆ ಬ್ಯಾಟಿಂಗ್‌ಗೆ ಇಳಿದರು. ಟೆಸ್ಟ್ ಕ್ರಿಕೆಟ್ ಕಂಡ ಮೊದಲ ಕಂಕಷನ್ ಬದಲಿ ಆಟಗಾರ ಅವರು. ಸ್ಮಿತ್ ಮುಂದಿನ ಟೆಸ್ಟನ್ನೂ ಆಡಲಿಲ್ಲ. ನುರಿತ ವೈದ್ಯರ ಕಾವಲಿದ್ದ ಆಟಗಾರನಿಗೇ ಹೀಗಾದರೆ ನಮ್ಮ ಶಾಲಾ ಮೈದಾನದ ಪಾಡೇನು!

ವಿಶ್ರಾಂತಿ ಎಷ್ಟು?

ಇಷ್ಟು ಓದಿದ ತಾಯಂದಿರು 'ಹಾಗಾದರೆ ಮಗುವನ್ನು ತಿಂಗಳುಗಟ್ಟಲೆ ಮಲಗಿಸಿಬಿಡೋಣ' ಎಂದುಕೊಂಡರೆ ಅದೂ ತಪ್ಪು. ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಚೇತರಿಕೆ ಬೇಗನೆ ಆಗುವುದಿಲ್ಲ ಎಂದು ಈಗ ಗೊತ್ತಾಗಿದೆ. ಮೊದಲ ಒಂದೆರಡು ದಿನ ಮಾತ್ರ ಆರಾಮವಾಗಿರಬೇಕು. ಆಗಲೂ ಮನೆಯೊಳಗೆ ಓಡಾಡಬಹುದು. ಆ ಮೇಲೆ ನಿಧಾನ ನಡಿಗೆಯಂತಹ ಹಗುರ ವ್ಯಾಯಾಮ ಒಳ್ಳೆಯದೇ.

2019ರಲ್ಲಿ ಲೆಡ್ಡಿ ಅವರ ತಂಡ ಇದನ್ನು ಪರೀಕ್ಷೆಗೆ ಒಡ್ಡಿತು. ಆಟದಲ್ಲಿ ಕಂಕಷನ್ ಆಗಿ ಹತ್ತು ದಿನದೊಳಗಿದ್ದ, 13ರಿಂದ 18 ವರ್ಷದ 103 ಹುಡುಗ ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೈ ಚಾಚುವ ಸುಲಭ ವ್ಯಾಯಾಮ. ಇನ್ನೊಂದಕ್ಕೆ ದಿನಕ್ಕೆ ಸುಮಾರು 20 ನಿಮಿಷ, ತಮ್ಮ ಮಿತಿಯ ಶೇಕಡ 80ರಷ್ಟು ನಾಡಿಬಡಿತದಲ್ಲಿ ನಡಿಗೆ ಅಥವಾ ಸೈಕಲ್ಲಿನಂತಹ ವ್ಯಾಯಾಮ. ಮಿತಿ ನಿಮಿಷಕ್ಕೆ 140 ಬಡಿತವಾದರೆ ಶೇಕಡ 80 ಎಂದರೆ 112. ಮಕ್ಕಳೇ, ಲೆಕ್ಕ ಸರಿಯೇ ನೋಡಿ. ಮೊದಲ ಗುಂಪಿನ ಮಧ್ಯಾಂಕ 17 ದಿನ, ಎರಡನೆಯದರದು 13 ದಿನ. ಹದವರಿತು ಶ್ರಮಪಟ್ಟವರೇ ಬೇಗ ಗುಣವಾದರು.

ಮೊಬೈಲಿನ ಬಗ್ಗೆಯೂ ಒಂದು ಮಾತು. 'ಆಟಕ್ಕೆ ಬೇಡ, ಮಲಗಿಕೊಂಡು ಫೋನ್ ನೋಡಲಿ' ಎನ್ನುವ ಮನೆಗಳೇ ಹೆಚ್ಚು. 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 12ರಿಂದ 25 ವಯಸ್ಸಿನ 125 ಮಂದಿಯ ಅಧ್ಯಯನದಲ್ಲಿ ಮೊದಲ 48 ಗಂಟೆ ಪರದೆಯಿಂದ ದೂರವಿರಲು ಹೇಳಿಸಿಕೊಂಡವರಿಗೆ ಲಕ್ಷಣಗಳು ಇಳಿಯಲು ಹಿಡಿದದ್ದು ಸುಮಾರು ಮೂರೂವರೆ ದಿನ. ಪರದೆ ನೋಡಲು ಅವಕಾಶವಿದ್ದವರಿಗೆ ಎಂಟು ದಿನ.

ಮರಳುವ ಮೆಟ್ಟಿಲುಗಳು

ಆಟದಲ್ಲಿನ ಕಂಕಷನ್ ಕುರಿತು 2001ರಲ್ಲಿ ವಿಯೆನ್ನಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಮ್ಮೇಳನ ಆರನೇ ಬಾರಿಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿತು. ತಜ್ಞರು ಒಮ್ಮತದಿಂದ ಹೇಳಿದ ಕ್ರಮದ ಸಾರಾಂಶ ಹೀಗಿದೆ.

ಮೊದಲ ಮೆಟ್ಟಿಲು, ಲಕ್ಷಣಗಳನ್ನು ಹೆಚ್ಚಿಸದ ದಿನನಿತ್ಯದ ಚಟುವಟಿಕೆ. ಎರಡನೆಯದು, ಹಗುರವಾದ, ನಂತರ ಮಧ್ಯಮ ವ್ಯಾಯಾಮ. ಹಗುರ ಎಂದರೆ ಗರಿಷ್ಠ ನಾಡಿಬಡಿತದ ಶೇಕಡ 55ರವರೆಗೆ, ಮಧ್ಯಮ ಎಂದರೆ ಶೇಕಡ 70ರವರೆಗೆ. ಗರಿಷ್ಠ ಬಡಿತವನ್ನು ಅಂದಾಜು ಮಾಡಲು 220ರಿಂದ ವಯಸ್ಸನ್ನು ಕಳೆಯುತ್ತಾರೆ. ಹದಿನೈದರ ಹುಡುಗನಿಗೆ 205. ಅದರ ಶೇಕಡ 55 ಸುಮಾರು 113, ಶೇಕಡ 70 ಸುಮಾರು 143. ಮೂರನೆಯದು, ಒಬ್ಬನೇ ಮಾಡುವ ಆಟದ ಅಭ್ಯಾಸ. ತಲೆಗೆ ಪೆಟ್ಟು ಬೀಳುವ ಸಂಭವ ಇರಬಾರದು. ನಾಲ್ಕನೆಯದು, ಡಿಕ್ಕಿ ತಾಕಲಾಟವಿಲ್ಲದ ಪೂರ್ಣ ತರಬೇತಿ. ಐದನೆಯದು, ತಂಡದೊಡನೆ ಪೂರ್ಣ ಅಭ್ಯಾಸ. ಆರನೆಯದು, ಪಂದ್ಯ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ 24 ಗಂಟೆ ಇರಬೇಕು.

ಇಲ್ಲಿ ನಾವು ಗಮನಿಸಬೇಕಾದದ್ದು ಮೂರು ಮತ್ತು ನಾಲ್ಕರ ನಡುವಿನ ಬಾಗಿಲು. ಲಕ್ಷಣಗಳೂ ಯೋಚನೆಯ ತೊಡಕುಗಳೂ ವಿಶ್ರಾಂತಿಯಲ್ಲಿ ಮಾತ್ರವಲ್ಲ, ಶ್ರಮಪಡುವಾಗ ಮತ್ತು ಶ್ರಮದ ನಂತರವೂ ಇಲ್ಲವಾಗಿರಬೇಕು. ಆಗಷ್ಟೇ ಆ ಬಾಗಿಲು ತೆರೆಯುತ್ತದೆ. ಬಲ್ಬ್ ಜೋಡಿಸಿ ನೋಡಿದ ಮೇಲೇ ಸೆಲ್ ಒಳ್ಳೆಯದೆಂದು ಹೇಳುವುದು ಎಂದರೆ ಇದೇ. ಕೊನೆಯ ಮೆಟ್ಟಿಲುಗಳಿಗೆ ವೈದ್ಯರ ಒಪ್ಪಿಗೆ ಬೇಕು, ಮೇಷ್ಟ್ರ ಒಪ್ಪಿಗೆ ಸಾಲದು. ಇನ್ನೊಂದು ಮಾತು, ಪೂರ್ತಿಯಾಗಿ ಪಾಠಕ್ಕೆ ಮರಳಿದ ಮೇಲೇ ಪಂದ್ಯಕ್ಕೆ ಮರಳುವುದು.

ಮನೆಯಲ್ಲಿ, ಶಾಲೆಯಲ್ಲಿ

ತಲೆಗೆ ಪೆಟ್ಟು ಬಿದ್ದ ಮಗುವಿಗೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂತಹ ಮಂಪರು, ಫಿಟ್ಸ್, ಕೈಕಾಲಿನ ಬಲಹೀನತೆ, ಒಂದು ಎರಡಾಗಿ ಕಾಣುವುದು, ಮೂಗು ಕಿವಿಯಿಂದ ರಕ್ತ ಅಥವಾ ನೀರಿನಂತಹ ದ್ರವ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಇವೇನೂ ಇಲ್ಲದಿದ್ದರೂ ಕಂಕಷನ್ ಅನುಮಾನವಿದ್ದರೆ ಅಂದಿನ ಆಟ ಅಲ್ಲಿಗೇ ಮುಗಿಯಬೇಕು. 'ಸ್ವಲ್ಪ ನೀರು ಚಿಮುಕಿಸಿ ಮತ್ತೆ ಇಳಿಸು' ಎನ್ನುವ ವೀರಾವೇಶ ಬೇಡ. ವೈದ್ಯರಿಗೆ ತೋರಿಸಿ.

ಮುಂದಿನ ದಿನಗಳಲ್ಲಿ ತಂದೆತಾಯಿಗಳು ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಲಿ. ಮಗು ಯಾವಾಗ ಚೆನ್ನಾಗಿತ್ತು, ಯಾವಾಗ ಮಂಕಾಗಿತ್ತು ಎಂದು ಬರೆಯಿರಿ. ಬಸ್ಸಿನಲ್ಲಿ ಹೋದ ದಿನ ಹೇಗೆ, ಸೈಕಲ್ ತುಳಿದ ದಿನ ಹೇಗೆ? ಬಿಸಿಲಲ್ಲಿ ಪೆರೇಡ್ ಆದ ಮೇಲೆ? ನೀರಿನ ಕೊಡ ಹೊತ್ತ ಮೇಲೆ? ನಿದ್ದೆಗೆಟ್ಟ ಮರುದಿನ? ಈ ಪುಸ್ತಕವನ್ನು ವೈದ್ಯರಿಗೆ ತೋರಿಸಿದರೆ ಸ್ಕ್ಯಾನ್ ಹೇಳದ ಸಂಗತಿಯನ್ನು ಅದು ಹೇಳೀತು.

ಶಿಕ್ಷಕ ಮಿತ್ರರೇ, ಅಂತಹ ಮಗುವಿಗೆ ಕೆಲವು ವಾರ ಡ್ರಿಲ್ ಪಿರಿಯಡ್‌ನ ಬೆನ್ನಿಗೇ ಪರೀಕ್ಷೆ ಕೊಡಬೇಡಿ. ನಡುನಡುವೆ ಹತ್ತು ನಿಮಿಷ ಬಿಡುವು ಕೊಡಿ, ಬರೆಯಲು ಹೆಚ್ಚು ಸಮಯ ಕೊಡಿ. ಚೆನ್ನಾಗಿ ಓದುತ್ತಿದ್ದವನು ಒಮ್ಮೆಲೇ ಮಂಕಾದರೆ ಬೈಯುವ ಮೊದಲು 'ಎಲ್ಲಾದರೂ ಬಿದ್ದೆಯಾ?' ಎಂದು ಕೇಳಿ.

ವಿದ್ಯಾರ್ಥಿಗಳೇ, ತಂಡದಿಂದ ಕೈಬಿಟ್ಟಾರೆಂದು ತಲೆನೋವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟು ಆಡಿದವರು ಕಳೆದುಕೊಳ್ಳುವುದು ಒಂದು ಪಂದ್ಯವನ್ನಲ್ಲ, ಒಂದು ಇಡೀ ಋತುವನ್ನು. ಗೆಳೆಯ ಮುಚ್ಚಿಟ್ಟರೆ ನೀವು ಹೇಳಿ. ಅದು ಚಾಡಿಯಲ್ಲ.

ಹೆದರಬೇಕಾಗಿಲ್ಲ. ಬಹುಪಾಲು ಮಕ್ಕಳು ನಾಲ್ಕು ವಾರದೊಳಗೆ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಅದನ್ನು ಮೀರಿದರೆ ತಜ್ಞ ವೈದ್ಯರನ್ನು ಕಾಣಬೇಕು. ಪೆಟ್ಟೇ ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ನಮ್ಮ ಊರುಗಳಲ್ಲಿ ಮಕ್ಕಳ ತಲೆಗೆ ಪೆಟ್ಟು ಬೀಳುವುದು ಮೈದಾನದಲ್ಲಿ ಮಾತ್ರವಲ್ಲ, ಅಪ್ಪನ ಬೈಕಿನ ಹಿಂದೆಯೂ ಬೀಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಕಡ್ಡಾಯ. ಅಪ್ಪನ ತಲೆಗೆ ಹೆಲ್ಮೆಟ್, ಮಗನ ತಲೆಗೆ ಸ್ಕೂಲ್ ಬ್ಯಾಗು ಎಂಬಂತಾಗಬಾರದು.

ಆ ಹುಡುಗ ಮರುವರ್ಷ ಎಸ್ಸೆಸ್ಸೆಲ್ಸಿ ಪಾಸಾದ. ಖೋ-ಖೋಗೆ ಮಾತ್ರ ತಂದೆ ಮತ್ತೆ ಕಳಿಸಲಿಲ್ಲ. ಈಗ ಅವನಿಗೂ ಶಾಲೆಗೆ ಹೋಗುವ ಮಗಳಿದ್ದಾಳೆ. ಸಂತೆಯಲ್ಲಿ ಸಿಕ್ಕಾಗ ನಕ್ಕು ನಮಸ್ಕಾರ ಮಾಡುತ್ತಾನೆ. ಕಳೆದ ಬಾರಿ ಸಿಕ್ಕಾಗ, ಅಂದು ಗದರಿದ್ದಕ್ಕೆ ಮತ್ತು ಕುರ್ಚಿಯಲ್ಲಿ ಕೂರಿಸಿ ಪಾಸು ಮಾಡಿದ್ದಕ್ಕೆ ತಪ್ಪಾಯಿತು ಎಂದೆ. 'ಬಿಡಿ ಸಾರ್, ಆವಾಗ ಯಾರಿಗ್ ಗೊತ್ತಿತ್ತು' ಎಂದ. ಆಗ ಗೊತ್ತಿರಲಿಲ್ಲ ಎಂಬುದು ನನ್ನ ಮಟ್ಟಿಗೆ ನಿಜ. ಆಕ್ಲೆಂಡಿನಲ್ಲಿ ಅಷ್ಟು ಹೊತ್ತಿಗೆ ಗೊತ್ತಾಗಿ ಎರಡು ದಶಕ ದಾಟಿತ್ತು. ನಮ್ಮ ತರಗತಿಯ ಎರಡನೇ ಬೆಂಚಿನ ಹುಡುಗನಿಗೂ ಗೊತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೆ.